ಫ್ಯಾನ್ ಯಾರ ಮಾತು ಕೇಳಬೇಕು? ಡೆಸ್ಕ್‌ಟಾಪ್‌ಗೆ ಫ್ಯಾನ್ ಕಂಟ್ರೋಲರ್ ಆರಿಸುವ ಬಗೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಸದ್ದು ತಲೆನೋವಾದಾಗ ಹೆಚ್ಚಿನವರು ಹುಡುಕುವುದು ಫ್ಯಾನ್ ಕಂಟ್ರೋಲರನ್ನು. ಹುಡುಕಿದರೆ ಕಣ್ಣಿಗೆ ಬೀಳುವ ವಸ್ತುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಬೆರಳುದ್ದದ ಒಂದು ರೆಸಿಸ್ಟರ್ ವೈರ್, ಹತ್ತು ಫ್ಯಾನ್ ಚುಚ್ಚಬಹುದಾದ ಹಬ್, ನಾಲ್ಕು ನಾಬ್ ಇರುವ ಪ್ಯಾನೆಲ್, ಯುಎಸ್‌ಬಿ ವೈರ್ ಇರುವ ಪುಟ್ಟ ಸರ್ಕ್ಯೂಟ್ ಬೋರ್ಡ್, ರಿಮೋಟ್ ಜೊತೆ ಬರುವ ಬಣ್ಣದ ಲೈಟಿನ ಡಬ್ಬಿ. ಎಲ್ಲದಕ್ಕೂ ಹೆಸರು ಫ್ಯಾನ್ ಕಂಟ್ರೋಲರ್ ಅಂತಲೇ.

ಇವುಗಳಲ್ಲಿ ಒಂದನ್ನು ಆರಿಸುವ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ. ಈ ಫ್ಯಾನ್ ಯಾರ ಮಾತು ಕೇಳಬೇಕು? ನಿಮ್ಮ ಕೈಯ ಮಾತನ್ನೋ, ಪ್ರೊಸೆಸರಿನ ಬಿಸಿಯನ್ನೋ, ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನೋ, ವಾಟರ್ ಕೂಲಿಂಗ್ ಇದ್ದರೆ ಅದರ ನೀರಿನ ಬಿಸಿಯನ್ನೋ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆಗಳು ತಾವಾಗಿಯೇ ಬದಿಗೆ ಸರಿಯುತ್ತವೆ. ಎಷ್ಟೋ ಸಲ ಏನನ್ನೂ ಕೊಳ್ಳುವುದೇ ಬೇಡ ಅಂತಲೂ ಗೊತ್ತಾಗುತ್ತದೆ.

ವೇಗ ಇಳಿಸುವುದರಿಂದ ಎಷ್ಟು ಲಾಭ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಫ್ಯಾನಿನ ವೇಗವನ್ನು 1200 ಆರ್‌ಪಿಎಂನಿಂದ (ಅಂದರೆ ನಿಮಿಷಕ್ಕೆ 1200 ಸುತ್ತು) 600ಕ್ಕೆ ಇಳಿಸಿದರೆ ಗಾಳಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಳಿಯನ್ನು ದೂಡುವ ಒತ್ತಡ ಕಾಲು ಭಾಗಕ್ಕೆ ಬರುತ್ತದೆ. ರೆಕ್ಕೆ ತಿರುಗಿಸಲು ಬೇಕಾದ ಶಕ್ತಿ ಎಂಟರಲ್ಲಿ ಒಂದು ಭಾಗವಾಗುತ್ತದೆ. ಸದ್ದು ಲೆಕ್ಕದ ಪ್ರಕಾರ 15 ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ. ಗಾಳಿ ಕಳೆದುಕೊಂಡದ್ದಕ್ಕಿಂತ ನೆಮ್ಮದಿ ಗಳಿಸಿದ್ದು ಜಾಸ್ತಿ. ಹಾಗಾಗಿ ಕಂಪ್ಯೂಟರ್ ಸುಮ್ನೆ ಇರುವಾಗಲೂ ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೆ ಅದನ್ನು ಸಹಿಸಿಕೊಳ್ಳಬೇಕಾಗಿಲ್ಲ.

ಮೊದಲು ಪಿನ್ ಎಣಿಸಿ

ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು, ಪ್ರತಿ ಫ್ಯಾನಿನ ವೈರ್ ಎಲ್ಲಿಗೆ ಹೋಗಿದೆ, ಅದರ ತುದಿಯಲ್ಲಿ ಎಷ್ಟು ತೂತುಗಳಿವೆ ನೋಡಿ. ಮುಂದಿನ ಎಲ್ಲಾ ನಿರ್ಧಾರವೂ ಇದರ ಮೇಲೆ ನಿಂತಿದೆ.

ಮೂರು ಪಿನ್ನಿನ ಫ್ಯಾನಿನಲ್ಲಿ ಒಂದು ವೈರ್ ಗ್ರೌಂಡ್, ಇನ್ನೊಂದು 12 ವೋಲ್ಟ್. ಮೂರನೆಯದು ಫ್ಯಾನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಮದರ್‌ಬೋರ್ಡಿಗೆ ತಿಳಿಸುತ್ತದೆ. ಫ್ಯಾನ್ ಒಂದು ಸುತ್ತು ಹಾಕಿದರೆ ಆ ವೈರಿನಲ್ಲಿ ಎರಡು ಪಲ್ಸ್ ಬರುತ್ತವೆ. ಇಂಥ ಫ್ಯಾನಿನ ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು, ಬೇರೆ ದಾರಿಯಿಲ್ಲ. ಅದಕ್ಕೂ ಒಂದು ಮಿತಿಯಿದೆ. ಫ್ಯಾನಿನ ಒಳಗಿರುವ ಎಲೆಕ್ಟ್ರಾನಿಕ್ಸ್‌ಗೂ ಅದೇ ವೈರಿನಿಂದಲೇ ಕರೆಂಟ್ ಹೋಗುವುದರಿಂದ, ವೋಲ್ಟೇಜ್ ತೀರಾ ಕೆಳಗಿಳಿದರೆ ಫ್ಯಾನ್ ನಿಂತೇಹೋಗುತ್ತದೆ. ಇನ್ನೊಂದು ವಿಷಯ: ತಿರುಗುತ್ತಿರುವ ಫ್ಯಾನ್ ತಿರುಗುತ್ತಲೇ ಇರಲು ಬೇಕಾದ ವೋಲ್ಟೇಜಿಗಿಂತ, ನಿಂತ ಫ್ಯಾನ್ ಹೊರಡಲು ಬೇಕಾದ ವೋಲ್ಟೇಜ್ ಹೆಚ್ಚು. ಸಂಜೆ ಚೆನ್ನಾಗಿ ತಿರುಗುತ್ತಿದ್ದ ಫ್ಯಾನ್ ಮರುದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಅಲ್ಲಾಡದೆ ನಿಂತಿರುವುದಕ್ಕೆ ಇದೇ ಕಾರಣ.

ನಾಲ್ಕು ಪಿನ್ನಿನ ಫ್ಯಾನಿಗೆ 12 ವೋಲ್ಟ್ ಯಾವಾಗಲೂ ಪೂರ್ತಿ ಸಿಗುತ್ತಿರುತ್ತದೆ. ವೇಗದ ಆದೇಶ ಬರುವುದು ನಾಲ್ಕನೇ ವೈರಿನಲ್ಲಿ. ಇದನ್ನೇ ಪಿಡಬ್ಲ್ಯೂಎಂ ಅನ್ನುವುದು. ಸಿಗ್ನಲ್ ಸೆಕೆಂಡಿಗೆ 25,000 ಸಲ ಆನ್ ಆಗಿ ಆಫ್ ಆಗುತ್ತದೆ. ಎಷ್ಟು ಹೊತ್ತು ಆನ್ ಇರುತ್ತದೋ ಅದರ ಮೇಲೆ ವೇಗ ತೀರ್ಮಾನವಾಗುತ್ತದೆ. ಇಂಟೆಲ್ ಹೊರತಂದ ನಾಲ್ಕು ವೈರಿನ ಫ್ಯಾನ್ ನಿಯಮಾವಳಿಯಲ್ಲಿ 25 ಕಿಲೋಹರ್ಟ್ಜ್ ಗುರಿ, 21ರಿಂದ 28ರವರೆಗೆ ಸರಿ ಎಂದಿದೆ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಜ್, ಆದ್ದರಿಂದ ಈ ಆನ್ ಆಫ್ ಸದ್ದು ನಮಗೆ ಕೇಳುವುದಿಲ್ಲ. ನಾಲ್ಕನೇ ವೈರಿನಲ್ಲಿ ಯಾವ ಆದೇಶವೂ ಬರದಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಇದು ಬೇಕೆಂದೇ ಇಟ್ಟ ಏರ್ಪಾಡು. ವೈರ್ ತುಂಡಾದರೂ ಪ್ರೊಸೆಸರ್ ಬಿಸಿಯಾಗಬಾರದು, ಅಲ್ವಾ?

ಈ ಎರಡೂ ವಿಷಯ ಸೇರಿ ಒಂದು ದೊಡ್ಡ ಗೊಂದಲ ಹುಟ್ಟುತ್ತದೆ. ಮದರ್‌ಬೋರ್ಡಿನ ಮೇಲೆ ಫ್ಯಾನ್ ಚುಚ್ಚುವ ಪಿನ್ನುಗಳ ಸಾಲಿಗೆ ಹೆಡರ್ ಅನ್ನುತ್ತಾರೆ. ಮೂರು ಪಿನ್ನಿನ ಫ್ಯಾನ್ ನಾಲ್ಕು ಪಿನ್ನಿನ ಹೆಡರ್‌ನಲ್ಲಿ ಸಲೀಸಾಗಿ ಕೂರುತ್ತದೆ, ಒಂದು ಪಿನ್ ಹೊರಗೆ ಉಳಿಯುತ್ತದೆ. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಆ ಹೆಡರ್ ಪಿಡಬ್ಲ್ಯೂಎಂ ಎಂದು ಸೆಟ್ ಆಗಿದ್ದರೆ ಮದರ್‌ಬೋರ್ಡ್ ತನ್ನ ಆದೇಶವನ್ನೆಲ್ಲ ಆ ಹೊರಗುಳಿದ ಪಿನ್ನಿಗೇ ಕಳಿಸುತ್ತದೆ. ಫ್ಯಾನ್ ಮಾತ್ರ ಪೂರ್ತಿ 12 ವೋಲ್ಟ್ ಕುಡಿದು ಅಬ್ಬರಿಸುತ್ತದೆ. ಆ ಹೆಡರನ್ನು ಡಿಸಿ ಅಥವಾ ವೋಲ್ಟೇಜ್ ಮೋಡ್‌ಗೆ ಬದಲಿಸಿದರೆ ಸದ್ದು ಅಲ್ಲಿಗೇ ನಿಲ್ಲುತ್ತದೆ. ಕಂಟ್ರೋಲರ್ ಕೊಳ್ಳಲು ಹೊರಟಿರುವವರು ದಯವಿಟ್ಟು ಮೊದಲು ಇದನ್ನು ನೋಡಿ. ಎರಡು ನಿಮಿಷದ ಕೆಲಸ, ಖರ್ಚಿಲ್ಲ.

ನಿಮ್ಮ ಫ್ಯಾನಿಗೆ ಆರು ಪಿನ್ ಇದ್ದರೆ ಹುಷಾರು. ಅಗ್ಗದ ಬಣ್ಣದ ಲೈಟಿನ ಸೆಟ್‌ಗಳಲ್ಲಿ ಬರುವ ಈ ಕನೆಕ್ಟರ್‌ಗೆ ಯಾವ ನಿಯಮವೂ ಇಲ್ಲ. ಅದು ಅದರ ಜೊತೆ ಬಂದ ಡಬ್ಬಿಗಷ್ಟೇ ಹೊಂದುತ್ತದೆ. ಮದರ್‌ಬೋರ್ಡಿಗಾಗಲಿ ಬೇರೆ ಕಂಟ್ರೋಲರಿಗಾಗಲಿ ಚುಚ್ಚಲಾಗದು. ಅಂಥ ಫ್ಯಾನುಗಳಿಗೆ ಹೊಸ ಕಂಟ್ರೋಲರ್ ಹುಡುಕುವುದಕ್ಕಿಂತ ನಾಲ್ಕು ಪಿನ್ನಿನ ಹೊಸ ಫ್ಯಾನುಗಳನ್ನೇ ಕೊಳ್ಳುವುದು ಒಳ್ಳೆಯದು.

ಮದರ್‌ಬೋರ್ಡಿನಲ್ಲೇ ಇರುವ ಕಂಟ್ರೋಲರ್

ಈಗಿನ ಬಹುತೇಕ ಮದರ್‌ಬೋರ್ಡುಗಳಲ್ಲಿ ಒಳ್ಳೆಯ ಫ್ಯಾನ್ ಕಂಟ್ರೋಲರ್ ಆಗಲೇ ಇರುತ್ತದೆ. ಏಸಸ್‌ನಲ್ಲಿ ಅದರ ಹೆಸರು ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಏಸ್‌ರಾಕ್‌ನಲ್ಲಿ ಫ್ಯಾನ್-ಟ್ಯಾಸ್ಟಿಕ್ ಟ್ಯೂನಿಂಗ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಪುಟದೊಳಗೆ ಸಿಗುತ್ತದೆ. ಎಲ್ಲದರ ಒಳಗೂ ಇರುವುದು ಒಂದೇ ಬಗೆಯ ಗೆರೆ. ಅಡ್ಡಕ್ಕೆ ಬಿಸಿ, ಉದ್ದಕ್ಕೆ ವೇಗ. ಗೆರೆಯ ಮೇಲಿನ ಚುಕ್ಕಿಗಳನ್ನು ನೀವು ಮೇಲೆ ಕೆಳಗೆ ಎಳೆಯಬಹುದು.

ಇದರ ದೊಡ್ಡ ಗುಣ ಅಂದರೆ ಇದು ಯಾರನ್ನೂ ಅವಲಂಬಿಸಿಲ್ಲ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಇನ್ನೂ ಯಾವುದೂ ಬೂಟ್ ಆಗದೇ ಇರಲಿ, ಬೋರ್ಡಿನ ಮೇಲಿನ ಚಿಪ್ ತನ್ನ ಪಾಡಿಗೆ ಬಿಸಿ ನೋಡಿ ಫ್ಯಾನ್ ತಿರುಗಿಸುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದರೂ ಫ್ಯಾನಿನ ಕೆಲಸ ನಿಲ್ಲದು. ಈ ಒಂದು ಗುಣಕ್ಕಾಗಿ ಪ್ರೊಸೆಸರಿನ ಫ್ಯಾನನ್ನು ನಾನು ಬೋರ್ಡಿನ ಸಿಪಿಯು ಫ್ಯಾನ್ ಹೆಡರ್ ಬಿಟ್ಟು ಬೇರೆಲ್ಲೂ ಹಾಕುವುದಿಲ್ಲ. ಆ ಹೆಡರ್‌ಗೆ ವೇಗದ ಸಿಗ್ನಲ್ ಬರದಿದ್ದರೆ ಬಹುತೇಕ ಬೋರ್ಡುಗಳು ಆನ್ ಮಾಡುವಾಗಲೇ ಸಿಪಿಯು ಫ್ಯಾನ್ ಎರರ್ ಎಂದು ತಡೆದು ನಿಲ್ಲಿಸುತ್ತವೆ. ಅದು ನಮ್ಮ ಒಳ್ಳೆಯದಕ್ಕೇ ಇರುವ ತಡೆ. ಆ ಎಚ್ಚರಿಕೆಯನ್ನು ಬಯೋಸ್‌ನಲ್ಲಿ ಆಫ್ ಮಾಡಿ ಮುಂದೆ ಹೋಗಬೇಡಿ.

ಗೆರೆ ಎಳೆಯುವಾಗ ಜನ ಕಡೆಗಣಿಸುವ ಒಂದು ಸಂಗತಿಯಿದೆ. ಪ್ರೊಸೆಸರಿನ ಬಿಸಿ ನಿಂತಲ್ಲಿ ನಿಲ್ಲುವುದಿಲ್ಲ. ಬ್ರೌಸರ್ ತೆರೆದ ಕೂಡಲೇ 45 ಡಿಗ್ರಿಯಿಂದ 70ಕ್ಕೆ ಹಾರಿ, ಮತ್ತೆ ಎರಡೇ ಸೆಕೆಂಡಿನಲ್ಲಿ ಕೆಳಗಿಳಿಯಬಹುದು. ಫ್ಯಾನ್ ಅದರ ಹಿಂದೆಯೇ ಓಡಿದರೆ ದಿನವಿಡೀ ಏರಿಳಿಯುವ ಸದ್ದು ಕೇಳಬೇಕು. ಒಂದೇ ಸಮನಾದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ. ಇದಕ್ಕೆ ಬಯೋಸ್‌ನಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್, ಹಿಸ್ಟರೆಸಿಸ್ ಮುಂತಾದ ಹೆಸರಿನ ಸೆಟ್ಟಿಂಗ್‌ಗಳಿರುತ್ತವೆ. ಬಿಸಿ ಏರಿದ ಮೇಲೆ ಕೆಲವು ಸೆಕೆಂಡ್ ಕಾದು ಆಮೇಲೆ ವೇಗ ಏರಿಸಲಿ, ಇಳಿಸುವಾಗ ಇನ್ನೂ ನಿಧಾನವಾಗಿ ಇಳಿಸಲಿ ಎಂದು ಹೇಳಬಹುದು. ಗೆರೆಯ ಮೊದಲ ಭಾಗವನ್ನು ಮಟ್ಟಸವಾಗಿ ಇಡುವುದೂ ಸಹಾಯ ಮಾಡುತ್ತದೆ. ಕ್ಯಾಬಿನೆಟ್ ಫ್ಯಾನುಗಳಿಗೆ ನಾನು ಶುರುಮಾಡುವುದು ಹೀಗೆ: 55 ಡಿಗ್ರಿವರೆಗೆ ಶೇ 40, 70ರಲ್ಲಿ ಶೇ 60, 85 ದಾಟಿದರೆ ಪೂರ್ತಿ. ಅಲ್ಲಿಂದ ಮುಂದೆ ನಿಮ್ಮ ಕಿವಿಯೂ ನಿಮ್ಮ ಪ್ರೊಸೆಸರೂ ಹೇಳಿದಂತೆ ಬದಲಿಸಿಕೊಳ್ಳಿ.

ಬೋರ್ಡಿನ ಕಂಟ್ರೋಲರಿಗೆ ಮೂರು ಕೊರತೆಗಳಿವೆ. ಹೆಡರ್‌ಗಳ ಸಂಖ್ಯೆ ಕಡಿಮೆ, ಚಿಕ್ಕ ಬೋರ್ಡುಗಳಲ್ಲಂತೂ ಎರಡೋ ಮೂರೋ. ಸಾಮಾನ್ಯವಾಗಿ ಒಂದು ಹೆಡರ್ 1 ಆಂಪಿಯರ್, ಅಂದರೆ 12 ವ್ಯಾಟ್‌ವರೆಗೆ ಮಾತ್ರ ಕೊಡಬಲ್ಲದು. ಪಂಪ್‌ಗೆಂದು ಬೇರೆ ಇಟ್ಟ ಹೆಡರ್‌ಗಳು ಇನ್ನೂ ಜಾಸ್ತಿ ಕೊಡುತ್ತವೆ, ಅದನ್ನು ಬೋರ್ಡಿನ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಬೇಕು. ಮೂರನೆಯ ಕೊರತೆಯೇ ಮುಖ್ಯವಾದದ್ದು. ಬಯೋಸ್‌ಗೆ ಪ್ರೊಸೆಸರಿನ ಬಿಸಿ ಗೊತ್ತು, ಬೋರ್ಡಿನ ಬಿಸಿ ಗೊತ್ತು, ಆದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಗೊತ್ತಿರುವುದಿಲ್ಲ. ಗೇಮ್ ಆಡುವವರ ಕಂಪ್ಯೂಟರಿನಲ್ಲಿ ಕ್ಯಾಬಿನೆಟ್ಟಿನೊಳಗೆ ಹೆಚ್ಚು ಬಿಸಿ ಸುರಿಯುವುದು ಗ್ರಾಫಿಕ್ಸ್ ಕಾರ್ಡೇ. ಪ್ರೊಸೆಸರ್ ತಣ್ಣಗಿದ್ದರೆ ಕ್ಯಾಬಿನೆಟ್ ಫ್ಯಾನುಗಳು ನಿಧಾನವಾಗಿ ತಿರುಗುತ್ತಲೇ ಇರುತ್ತವೆ, ಗ್ರಾಫಿಕ್ಸ್ ಕಾರ್ಡ್ ತನ್ನದೇ ಬಿಸಿಗಾಳಿಯಲ್ಲಿ ಬೇಯುತ್ತದೆ. ಕೆಲವು ಬೋರ್ಡುಗಳಲ್ಲಿ ಬಿಸಿ ಅಳೆಯುವ ತಂತಿಗೆಂದು ಎರಡು ಪಿನ್ನಿನ ಸಣ್ಣ ಹೆಡರ್ ಇರುತ್ತದೆ. ಅದಕ್ಕೆ ಥರ್ಮಿಸ್ಟರ್ ತಂತಿ ಚುಚ್ಚಿ, ಇನ್ನೊಂದು ತುದಿಯನ್ನು ಕಾರ್ಡಿನ ಹತ್ತಿರ ಅಂಟಿಸಿದರೆ ಈ ಕೊರತೆ ಬಹುಪಾಲು ನೀಗುತ್ತದೆ. ಕಡಿಮೆ ಜನ ಬಳಸುವ ಸೌಲಭ್ಯ ಇದು, ಆದರೆ ಬಹಳ ಉಪಯೋಗದ್ದು.

ಕಂಪನಿಯಲ್ಲೇ ಜೋಡಿಸಿ ಮಾರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಆದರೆ ಕಥೆ ಬೇರೆ. ಅವುಗಳಲ್ಲಿ ಕೆಲವಕ್ಕೆ ಕನೆಕ್ಟರೇ ಬೇರೆ ಬಗೆಯದು, ಬಯೋಸ್‌ನಲ್ಲಿ ಗೆರೆ ಎಳೆಯಲು ಅವಕಾಶವೂ ಇರುವುದಿಲ್ಲ. ಅಂಥವರಿಗೆ ಹೊರಗಿನ ಕಂಟ್ರೋಲರ್ ನಿಜಕ್ಕೂ ಬೇಕಾಗಬಹುದು.

ಖರ್ಚಿಲ್ಲದ ದಾರಿ: ಸಾಫ್ಟ್‌ವೇರ್

ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ತಕ್ಕಂತೆ ಕ್ಯಾಬಿನೆಟ್ ಫ್ಯಾನ್ ತಿರುಗಬೇಕು ಎನ್ನುವವರು ಹೊಸ ಹಾರ್ಡ್‌ವೇರ್ ಕೊಳ್ಳುವ ಮುಂಚೆ ಸಾಫ್ಟ್‌ವೇರ್ ಹಾಕಿ ನೋಡಬೇಕು. ವಿಂಡೋಸ್‌ಗೆ ರೆಮಿ ಮರ್ಸಿಯರ್ ಬರೆದ ಫ್ಯಾನ್ ಕಂಟ್ರೋಲ್ ಎಂಬ ಪ್ರೋಗ್ರಾಂ ಇದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಂದೊಂದು ಗೆರೆ ಎಳೆದು, ಎರಡರಲ್ಲಿ ಯಾವುದು ಹೆಚ್ಚು ವೇಗ ಕೇಳುತ್ತದೋ ಅದನ್ನು ಫ್ಯಾನಿಗೆ ಕೊಡು ಎಂದು ಅದರಲ್ಲಿ ಹೇಳಬಹುದು. ಬಯೋಸ್‌ಗಳಲ್ಲಿ ಸಾಮಾನ್ಯವಾಗಿ ಸಿಗದ ಅನುಕೂಲ ಇದು. ಹಿಂದೆ ಎಲ್ಲರೂ ಬಳಸುತ್ತಿದ್ದ ಸ್ಪೀಡ್‌ಫ್ಯಾನ್ ಹೊಸ ಬೋರ್ಡುಗಳ ಚಿಪ್ಪುಗಳನ್ನು ಗುರುತಿಸುವುದಿಲ್ಲ, ಅದನ್ನು ಈಗ ಹಾಕುವುದರಲ್ಲಿ ಅರ್ಥವಿಲ್ಲ.

ಲಿನಕ್ಸ್ ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಜೊತೆ ಪಿಡಬ್ಲ್ಯೂಎಂಕಾನ್ಫಿಗ್, ಫ್ಯಾನ್‌ಕಂಟ್ರೋಲ್ ಎಂಬ ಹಳೆಯ ಸ್ಕ್ರಿಪ್ಟ್‌ಗಳಿವೆ. ಮೊದಲನೆಯದು ಒಂದೊಂದೇ ಫ್ಯಾನನ್ನು ನಿಲ್ಲಿಸಿ ನೋಡಿ, ಯಾವ ಔಟ್‌ಪುಟ್ ಯಾವ ಫ್ಯಾನಿನದು ಎಂದು ಕಂಡುಹಿಡಿಯುತ್ತದೆ. ವೇಗವನ್ನು ಅಲ್ಲಿ 0ಯಿಂದ 255ರವರೆಗಿನ ಅಂಕಿಯಲ್ಲಿ ಬರೆಯುತ್ತಾರೆ. ಕಣ್ಣಿಗೆ ಕಾಣುವ ಗೆರೆಯೇ ಬೇಕು ಎನ್ನುವವರಿಗೆ ಕೂಲರ್‌ಕಂಟ್ರೋಲ್ ಇದೆ.

ಸಾಫ್ಟ್‌ವೇರಿನ ತೊಂದರೆ ಏನು ಅಂತ ಮುಚ್ಚಿಡದೆ ಹೇಳಬೇಕು. ಅದು ನಡುವೆ ದಿಢೀರನೆ ನಿಂತರೆ ಫ್ಯಾನ್ ಕೊನೆಗೆ ಸಿಕ್ಕ ವೇಗದಲ್ಲೇ ಉಳಿದುಬಿಡಬಹುದು. ಆಮೇಲೆ ಕಂಪ್ಯೂಟರ್ ಬಿಸಿಯಾದರೂ ಕೇಳುವವರಿಲ್ಲ. ಈಗಿನ ಪ್ರೊಸೆಸರ್‌ಗಳು 95, 100 ಡಿಗ್ರಿ ಮುಟ್ಟಿದಾಗ ತಾವೇ ವೇಗ ತಗ್ಗಿಸಿಕೊಳ್ಳುವುದರಿಂದ ಸುಟ್ಟುಹೋಗುವ ಭಯ ಕಡಿಮೆ. ಆದರೆ ಎಸ್‌ಎಸ್‌ಡಿ, ಬೋರ್ಡಿನ ವೋಲ್ಟೇಜ್ ಭಾಗ ಇವೆಲ್ಲ ಸುಮ್ಮನೆ ಬೇಯುತ್ತವೆ. ಅದಕ್ಕೇ ಪ್ರೊಸೆಸರಿನ ಫ್ಯಾನನ್ನು ಬಯೋಸ್‌ಗೆ ಬಿಟ್ಟು, ಕ್ಯಾಬಿನೆಟ್ ಫ್ಯಾನುಗಳನ್ನಷ್ಟೇ ಸಾಫ್ಟ್‌ವೇರಿಗೆ ಕೊಡುವುದು ಒಳ್ಳೆಯದು. ಒಂದೇ ಕೆಲಸಕ್ಕೆ ಎರಡು ಸಾಫ್ಟ್‌ವೇರ್ ಬೇಡ. ಬೋರ್ಡ್ ಕಂಪನಿಯ ಪ್ರೋಗ್ರಾಂ ಒಂದು ಕಡೆ, ಇದು ಇನ್ನೊಂದು ಕಡೆ ಅದೇ ಚಿಪ್ಪನ್ನು ಹಿಡಿದು ಎಳೆದಾಡಿದರೆ ತಪ್ಪು ಅಂಕಿಗಳು ಬರತೊಡಗುತ್ತವೆ.

ಹೆಡರ್ ಸಾಲದಿದ್ದರೆ: ಸ್ಪ್ಲಿಟರ್ ಮತ್ತು ಹಬ್

ನನ್ನ ಅನಿಸಿಕೆಯಲ್ಲಿ ಹೆಚ್ಚು ಜನರಿಗೆ ನಿಜವಾಗಿ ಬೇಕಾಗಿರುವುದು ಕಂಟ್ರೋಲರ್ ಅಲ್ಲ, ಹಬ್. ಫ್ಯಾನುಗಳು ಆರು, ಹೆಡರ್ ಎರಡು. ಸಮಸ್ಯೆ ಇಷ್ಟೇ ಆದರೆ ಹಬ್ ಸಾಕು.

ಸ್ಪ್ಲಿಟರ್ ಎಂದರೆ ಒಂದು ಹೆಡರನ್ನು ಎರಡೋ ಮೂರೋ ಮಾಡುವ ಬರೀ ವೈರ್. ಕರೆಂಟ್ ಆ ಒಂದೇ ಹೆಡರಿನಿಂದ ಬರಬೇಕು, ಹಾಗಾಗಿ ಲೆಕ್ಕ ಹಾಕಲೇಬೇಕು. ಫ್ಯಾನಿನ ನಡುವಿನ ಸ್ಟಿಕ್ಕರ್ ಮೇಲೆ ಆಂಪಿಯರ್ ಬರೆದಿರುತ್ತದೆ. 0.2 ಆಂಪಿಯರಿನ ಮೂರು ಫ್ಯಾನುಗಳಾದರೆ ಒಟ್ಟು 0.6, ಧಾರಾಳವಾಗಿ ಸಾಕು. ಅಂಥವೇ ಆರು ಹಾಕಿದರೆ 1.2, ಹೆಡರಿನ ಮಿತಿ ದಾಟಿತು. ಹೊರಡುವ ಕ್ಷಣದಲ್ಲಿ ಫ್ಯಾನ್ ಇನ್ನೂ ಹೆಚ್ಚು ಎಳೆಯುತ್ತದೆ ಎಂಬುದನ್ನೂ ನೆನಪಿಡಿ, ಮಿತಿಯ ಅಂಚಿನವರೆಗೆ ತುಂಬಬೇಡಿ.

ಪವರ್ ಇರುವ ಹಬ್ ಈ ಲೆಕ್ಕದಿಂದ ಬಿಡುಗಡೆ ಕೊಡುತ್ತದೆ. ಅದು ಕರೆಂಟನ್ನು ನೇರವಾಗಿ ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ಸಾಟಾ ಪವರ್ ವೈರಿನಿಂದ ತೆಗೆದುಕೊಳ್ಳುತ್ತದೆ, ಮದರ್‌ಬೋರ್ಡಿನಿಂದ ಪಿಡಬ್ಲ್ಯೂಎಂ ಆದೇಶವನ್ನಷ್ಟೇ ಪಡೆಯುತ್ತದೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, 54 ವ್ಯಾಟ್. ಒಂದು ಕ್ಯಾಬಿನೆಟ್ಟಿನ ಫ್ಯಾನುಗಳಿಗೆಲ್ಲ ಬೇಕಾದಷ್ಟಾಯಿತು. ಆರ್ಕ್ಟಿಕ್‌ನ ಹತ್ತು ಫ್ಯಾನಿನ ಹಬ್, ನಾಕ್ಟುವಾದ ಎಂಟು ಫ್ಯಾನಿನ ಹಬ್ ಈ ಜಾತಿಯವು. ಕೊಳ್ಳುವಾಗ ಸಾಟಾ ಪವರ್ ಇದೆಯೇ ಎಂದು ಚಿತ್ರದಲ್ಲಿ ಕಣ್ಣಾರೆ ನೋಡಿ. ಪವರ್ ಇಲ್ಲದ ಹಬ್‌ಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ, ಅವು ಬರೀ ದೊಡ್ಡ ಸ್ಪ್ಲಿಟರ್. ಎಸ್‌ಎಂಪಿಎಸ್‌ನಲ್ಲಿ ಸಾಟಾ ವೈರ್ ಖಾಲಿ ಇಲ್ಲವೆಂದು ಮೋಲೆಕ್ಸ್‌ನಿಂದ (ಹಳೆಯ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಸಾಟಾ ಮಾಡುವ ಅಗ್ಗದ, ಪ್ಲಾಸ್ಟಿಕ್ ಎರಕ ಹೊಯ್ದ ಅಡಾಪ್ಟರ್ ಹಾಕಬೇಡಿ. ಅಂಥವು ಒಳಗೇ ಶಾರ್ಟ್ ಆಗಿ ಸುಟ್ಟಿರುವುದುಂಟು.

ಹಬ್‌ಗೆ ಎರಡು ಮಿತಿ. ಎಲ್ಲಾ ಫ್ಯಾನುಗಳಿಗೂ ಒಂದೇ ಆದೇಶ ಹೋಗುತ್ತದೆ. ಬೋರ್ಡಿಗೆ ವಾಪಸ್ ಬರುವುದು ಒಂದು ಫ್ಯಾನಿನ ಆರ್‌ಪಿಎಂ ಮಾತ್ರ. ಮಿಕ್ಕವುಗಳಲ್ಲಿ ಒಂದು ಕೆಟ್ಟು ನಿಂತರೂ ಪರದೆಯ ಮೇಲೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಇದರಿಂದಾಗಿ ಆಗಾಗ ಮುಚ್ಚಳ ತೆಗೆದು ಕಣ್ಣಲ್ಲಿ ನೋಡುವ ಅಭ್ಯಾಸ ಬೇಕು. ಇನ್ನೂ ಒಂದು ಮಾತು, ಇದು ಬಹಳ ಮುಖ್ಯ. ಪಿಡಬ್ಲ್ಯೂಎಂ ಹಬ್ ನಾಲ್ಕನೇ ವೈರಿನ ಆದೇಶವನ್ನಷ್ಟೇ ಹಂಚುತ್ತದೆ, ಅದಕ್ಕೆ ಮೂರು ಪಿನ್ನಿನ ಫ್ಯಾನ್ ಚುಚ್ಚಿದರೆ ಅದು ಪೂರ್ತಿ ವೇಗದಲ್ಲೇ ಓಡುತ್ತದೆ. ಆದ್ದರಿಂದ ಮೂರು ಪಿನ್ನಿನ ಫ್ಯಾನುಗಳೇ ಇರುವವರು ಲೆಕ್ಕ ನೋಡಿಕೊಂಡು ಸ್ಪ್ಲಿಟರ್ ಬಳಸಬೇಕು, ಹೆಡರ್ ಡಿಸಿ ಮೋಡ್‌ನಲ್ಲಿರಬೇಕು.

ಕೈಯಲ್ಲಿ ತಿರುಗಿಸುವ ನಾಬ್

ನಾಬ್ ಕಂಟ್ರೋಲರ್ ಯಾವ ಬಿಸಿಯನ್ನೂ ನೋಡುವುದಿಲ್ಲ, ನಿಮ್ಮ ಕೈಯನ್ನಷ್ಟೇ ನಂಬುತ್ತದೆ. ಹಿಂದೆ ಡಿವಿಡಿ ಡ್ರೈವ್ ಕೂರುವ ಜಾಗದಲ್ಲಿ ಇವುಗಳನ್ನು ಕೂರಿಸುತ್ತಿದ್ದರು. ಈಗಿನ ಕ್ಯಾಬಿನೆಟ್‌ಗಳಲ್ಲಿ ಆ ಜಾಗವೇ ಇಲ್ಲ, ಹಾಗಾಗಿ ಕೊಳ್ಳುವ ಮುಂಚೆ ಎಲ್ಲಿ ಕೂರಿಸುತ್ತೀರಿ ಎಂದು ಯೋಚಿಸಿ.

ಇವುಗಳ ಒಳಗೆ ಮೂರು ಬಗೆ. ಒಂದು, ಬೇಡದ ವೋಲ್ಟೇಜನ್ನು ಟ್ರಾನ್ಸಿಸ್ಟರಿನಲ್ಲಿ ಬಿಸಿಯಾಗಿ ಕಳೆಯುವಂಥದ್ದು. 0.3 ಆಂಪಿಯರ್ ಎಳೆಯುತ್ತಿರುವ ಫ್ಯಾನನ್ನು 7 ವೋಲ್ಟಿನಲ್ಲಿ ಓಡಿಸಿದರೆ ಉಳಿದ 5 ವೋಲ್ಟಿನ 1.5 ವ್ಯಾಟ್ ಆ ಸಣ್ಣ ಟ್ರಾನ್ಸಿಸ್ಟರಿನ ತಲೆ ಮೇಲೆ. ಒಂದು ಫ್ಯಾನಿಗೆ ಪರವಾಗಿಲ್ಲ, ಒಂದೇ ಚಾನೆಲ್ಲಿಗೆ ನಾಲ್ಕು ಫ್ಯಾನ್ ಜೋಡಿಸಿದರೆ ಕೈ ಇಡಲಾಗದಷ್ಟು ಬಿಸಿ. ಎರಡು, ಸ್ವಿಚಿಂಗ್ ಬಗೆಯದು. ಇದು ವೋಲ್ಟೇಜನ್ನು ಹೆಚ್ಚು ಕಳೆಯದೆ ಇಳಿಸುತ್ತದೆ, ಇದೇ ಒಳ್ಳೆಯದು. ಮೂರನೆಯದು 12 ವೋಲ್ಟನ್ನೇ ನಿಧಾನವಾಗಿ ಆನ್ ಆಫ್ ಮಾಡುವ ಅಗ್ಗದ ಸರ್ಕ್ಯೂಟ್. ಇದರಲ್ಲಿ ಮೂರು ಪಿನ್ನಿನ ಫ್ಯಾನ್ ಟಿಕ್ ಟಿಕ್ ಅನ್ನುತ್ತದೆ, ಆರ್‌ಪಿಎಂ ಅಂಕಿಯೂ ತಲೆಕೆಳಗಾಗುತ್ತದೆ. ಸದ್ದು ಕಡಿಮೆ ಮಾಡಲು ಹೊರಟವರಿಗೆ ಇದು ತಕ್ಕದ್ದಲ್ಲ.

ನಾಲ್ಕು ಪಿನ್ನಿನ ಫ್ಯಾನುಗಳಿಗೆ ಪಿಡಬ್ಲ್ಯೂಎಂ ನಾಬ್‌ಗಳೂ ಇವೆ. ನಾಕ್ಟುವಾದ ಎನ್‌ಎ-ಎಫ್‌ಸಿ1 ಅಂಥದ್ದು. ಅದನ್ನು ಬೋರ್ಡಿನ ಹೆಡರ್‌ಗೆ ಚುಚ್ಚಿದರೆ ಬೋರ್ಡ್ ಕಳಿಸಿದ ಆದೇಶವನ್ನು ನಾಬ್ ಇಟ್ಟಷ್ಟು ತಗ್ಗಿಸಿ ಫ್ಯಾನಿಗೆ ಕೊಡಬಲ್ಲದು. ಬಿಸಿಗೆ ತಕ್ಕಂತೆ ವೇಗ ಬದಲಾಗುವುದೂ ಉಳಿಯುತ್ತದೆ, ಒಟ್ಟು ಸದ್ದೂ ಇಳಿಯುತ್ತದೆ. ಬಯೋಸ್‌ನಲ್ಲಿ ಗೆರೆ ಎಳೆಯಲು ಬಿಡದ ಬೋರ್ಡುಗಳಿಗೆ ಇದು ಹೇಳಿ ಮಾಡಿಸಿದ್ದು.

ನಾಬ್ ಯಾರಿಗೆ ಸರಿ? ರೆಕಾರ್ಡಿಂಗ್ ಮಾಡುವಾಗ ಅರ್ಧ ಗಂಟೆ ಸದ್ದೇ ಬೇಡ ಎನ್ನುವವರಿಗೆ. ಕಂಪ್ಯೂಟರಿನ ಹೊರಗೆ ಫ್ಯಾನ್ ಓಡಿಸುವವರಿಗೆ. ಮರೆವು ಇರುವವರಿಗೆ ಬೇಡವೇ ಬೇಡ. ಕಡಿಮೆ ಮಾಡಿಟ್ಟ ನಾಬನ್ನು ಹಾಗೇ ಬಿಟ್ಟು ಎರಡು ಗಂಟೆ ಗೇಮ್ ಆಡಿದರೆ ಕಷ್ಟ ಕ್ಯಾಬಿನೆಟ್ಟಿಗೆ. ಇನ್ನು ಮನೆಯ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಇದಕ್ಕೆ ಆಗುತ್ತದಾ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಅದು ಎಸಿ ಕರೆಂಟಿನದು, ಜೀವಕ್ಕೇ ಅಪಾಯ.

ರೆಸಿಸ್ಟರ್ ವೈರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಫ್ಯಾನ್ ಯಾವಾಗಲೂ ಸ್ವಲ್ಪ ಜೋರಾಗಿದೆ, ಅಷ್ಟನ್ನೇ ತಗ್ಗಿಸಬೇಕು ಎಂದಾದರೆ ಅಗ್ಗವಾದ, ಕೆಡದ ಉಪಾಯ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಯುಎಸ್‌ಬಿ ಕಂಟ್ರೋಲರ್: ಯಾವಾಗ ನಿಜಕ್ಕೂ ಬೇಕು

ಇದು ದುಬಾರಿ ಬಗೆ. ಇದರೊಳಗೆ ಸ್ವಂತ ಚಿಪ್ ಇದೆ, ಬಿಸಿ ಅಳೆಯುವ ತಂತಿಗಳಿಗೆ ಜಾಗವಿದೆ, ಪ್ರತಿ ಫ್ಯಾನಿಗೂ ಬೇರೆ ಬೇರೆ ಆದೇಶ ಕೊಡಬಲ್ಲದು, ಪ್ರತಿ ಫ್ಯಾನಿನ ಆರ್‌ಪಿಎಂ ಕೂಡ ತೋರಿಸುತ್ತದೆ. ಕೋರ್ಸೇರ್‌ನ ಕಮಾಂಡರ್ ಪ್ರೋಗೆ ಆರು ಫ್ಯಾನು, ನಾಲ್ಕು ಥರ್ಮಿಸ್ಟರ್. ಆಕ್ವಾಕಂಪ್ಯೂಟರ್‌ನ ಕ್ವಾಡ್ರೋಗೆ ನಾಲ್ಕು ಫ್ಯಾನು, ನಾಲ್ಕು ಸೆನ್ಸರ್, ಜೊತೆಗೆ ನೀರಿನ ಹರಿವು ಅಳೆಯುವ ಜಾಗ. ಅದೇ ಕಂಪನಿಯ ಆಕ್ಟೋಗೆ ಎಂಟು ಫ್ಯಾನು.

ಇಂಥದ್ದು ಮುಖ್ಯವಾಗಿ ಬೇಕಾಗುವುದು ಕಸ್ಟಮ್ ವಾಟರ್ ಕೂಲಿಂಗ್ ಇರುವವರಿಗೆ. ನೀರಿನ ಬಿಸಿಯನ್ನು ಹೊರಹಾಕುವ ರೇಡಿಯೇಟರಿನ ಫ್ಯಾನುಗಳು ಪ್ರೊಸೆಸರಿನ ಬಿಸಿ ನೋಡಿ ತಿರುಗಿದರೆ ಪ್ರಯೋಜನವಿಲ್ಲ. ಪ್ರೊಸೆಸರ್ ಕ್ಷಣದಲ್ಲಿ ಏರಿಳಿಯುತ್ತದೆ, ನೀರು ಮಾತ್ರ ನಿಮಿಷಗಟ್ಟಲೆ ನಿಧಾನವಾಗಿ ಬಿಸಿಯಾಗುತ್ತದೆ. ಫ್ಯಾನ್ ತಂಪು ಮಾಡುವುದು ನೀರನ್ನು. ಹಾಗಾಗಿ ನೀರಿನ ಬಿಸಿಯನ್ನೇ ಕೇಳಬೇಕು. ಹಾಗೆ ಮಾಡಿದಾಗ ಫ್ಯಾನಿನ ಸದ್ದು ಎಷ್ಟು ಸಮನಾಗಿ, ಎಷ್ಟು ಮೆಲ್ಲಗೆ ಏರುತ್ತದೆ ಎಂದರೆ ಏರಿದ್ದೇ ಗೊತ್ತಾಗುವುದಿಲ್ಲ.

ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ: ಸಾಫ್ಟ್‌ವೇರ್ ಮುಚ್ಚಿದ ಮೇಲೂ ಇದು ತನ್ನ ಪಾಡಿಗೆ ಕೆಲಸ ಮಾಡುತ್ತದೆಯೇ? ಕ್ವಾಡ್ರೋ, ಆಕ್ಟೋ ಸೆಟ್ಟಿಂಗ್‌ಗಳನ್ನು ತಮ್ಮೊಳಗೇ ಇಟ್ಟುಕೊಂಡು, ತಮಗೆ ಚುಚ್ಚಿದ ಸೆನ್ಸರ್ ನೋಡಿ ನಡೆಯುತ್ತವೆ. ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡಿನ ಬಿಸಿ ನೋಡಿ ನಡೆಯಬೇಕಾದರೆ ಮಾತ್ರ ಯಾವುದೇ ಯುಎಸ್‌ಬಿ ಕಂಟ್ರೋಲರಿಗೂ ಸಾಫ್ಟ್‌ವೇರ್ ಓಡುತ್ತಲೇ ಇರಬೇಕು, ಏಕೆಂದರೆ ಆ ಅಂಕಿಯನ್ನು ಅದಕ್ಕೆ ಮುಟ್ಟಿಸುವುದೇ ಸಾಫ್ಟ್‌ವೇರ್. ಹಾಗಿದ್ದಾಗ ಖರ್ಚಿಲ್ಲದ ಸಾಫ್ಟ್‌ವೇರಿಗೂ ಇದಕ್ಕೂ ಭರವಸೆಯ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಗೇಮ್ ಆಡಲು ಮಾತ್ರ ಇದನ್ನು ಕೊಳ್ಳಲು ಹೊರಟವರಿಗೆ ನಾನು ಬೇಡ ಎನ್ನುವುದು ಇದೇ ಕಾರಣಕ್ಕೆ.

ಇನ್ನೆರಡು ಸಣ್ಣ ವಿಷಯ. ಇವಕ್ಕೆ ಬೋರ್ಡಿನ ಮೇಲೆ ಒಳಗಿನ ಯುಎಸ್‌ಬಿ 2.0 ಹೆಡರ್ ಬೇಕು. ಬೋರ್ಡಿನಲ್ಲಿ ಅಂಥವು ಒಂದೆರಡೇ ಇರುತ್ತವೆ, ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಅದರಲ್ಲಿ ಒಂದನ್ನು ಆಗಲೇ ಹಿಡಿದಿರಬಹುದು. ಲಿನಕ್ಸ್ ಬಳಸುವವರು ಕಂಪನಿಯ ಸಾಫ್ಟ್‌ವೇರ್ ನೆಚ್ಚುವಂತಿಲ್ಲ. ಕಮಾಂಡರ್ ಪ್ರೋ, ಕ್ವಾಡ್ರೋ, ಆಕ್ಟೋಗಳಿಗೆ ಕರ್ನಲ್‌ನಲ್ಲೇ ಡ್ರೈವರ್ ಇದೆ. ಇನ್ನೂ ಹಲವನ್ನು ಲಿಕ್ವಿಡ್‌ಸಿಟಿಎಲ್ ಎಂಬ ಟೂಲ್‌ನಿಂದ ನಡೆಸಬಹುದು. ಹಣ ಕೊಡುವ ಮುಂಚೆ ನಿಮ್ಮ ಮಾಡೆಲ್ ಆ ಪಟ್ಟಿಯಲ್ಲಿದೆಯೇ ನೋಡಿ.

ನನ್ನನ್ನು ಕೇಳಿದರೆ

ಮೂರ್ನಾಲ್ಕು ಫ್ಯಾನ್, ಸಾಧಾರಣ ಬೋರ್ಡ್, ಆಫೀಸ್ ಕೆಲಸ: ಏನೂ ಕೊಳ್ಳಬೇಡಿ, ಬಯೋಸ್‌ನಲ್ಲಿ ಗೆರೆ ಎಳೆಯಿರಿ. ಗೇಮ್ ಆಡುತ್ತೀರಿ, ಫ್ಯಾನ್ ಜಾಸ್ತಿ ಇವೆ: ಸಾಟಾ ಪವರ್ ಇರುವ ಪಿಡಬ್ಲ್ಯೂಎಂ ಹಬ್ ಕೊಂಡು, ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನು ಸಾಫ್ಟ್‌ವೇರಿನಿಂದ ಸೇರಿಸಿಕೊಳ್ಳಿ. ನನ್ನ ಮಟ್ಟಿಗೆ ಹಣಕ್ಕೆ ತಕ್ಕ ಬೆಲೆ ಸಿಗುವುದು ಈ ಜೋಡಿಯಲ್ಲೇ. ವಾಟರ್ ಕೂಲಿಂಗ್ ಮಾಡಿಸಿದ್ದರೆ ಸ್ವಂತ ಸೆನ್ಸರ್ ಇರುವ ಯುಎಸ್‌ಬಿ ಕಂಟ್ರೋಲರಿಗೆ ಹಣ ಹಾಕಿ, ಅಲ್ಲಿ ಉಳಿತಾಯ ಮಾಡಬೇಡಿ. ಹಳೆಯ ಮೂರು ಪಿನ್ನಿನ ಫ್ಯಾನುಗಳಿವೆ, ಬೋರ್ಡಿನಲ್ಲಿ ಡಿಸಿ ಮೋಡ್ ಇಲ್ಲ: ಆಗ ನಾಬ್ ಕೊಳ್ಳುವ ಹಣಕ್ಕೆ ಇನ್ನಷ್ಟು ಸೇರಿಸಿ ನಾಲ್ಕು ಪಿನ್ನಿನ ಫ್ಯಾನುಗಳನ್ನೇ ತನ್ನಿ. ರಿಮೋಟ್ ಇರುವ ಲೈಟಿನ ಡಬ್ಬಿಯನ್ನು ಲೈಟಿಗಾಗಿ ಇಷ್ಟಪಟ್ಟರೆ ಕೊಳ್ಳಿ. ಆದರೆ ಬೋರ್ಡಿನಿಂದ ಪಿಡಬ್ಲ್ಯೂಎಂ ಆದೇಶ ಪಡೆಯುವ ವೈರ್ ಅದಕ್ಕಿದೆಯೇ, ಪವರ್ ಹೋಗಿ ಬಂದ ಮೇಲೆ ವೇಗ ನೆನಪಿಡುತ್ತದೆಯೇ ಎಂದು ವಿಚಾರಿಸಿ.

ಯಾವುದನ್ನೇ ಜೋಡಿಸಿದರೂ ಆಮೇಲೆ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಪ್ರತಿ ಫ್ಯಾನಿನ ವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗಿ ಎಲ್ಲಿ ನಿಲ್ಲುತ್ತದೆ ನೋಡಿ, ನಿಂತದ್ದನ್ನು ಮತ್ತೆ ಏರಿಸುತ್ತ ಎಲ್ಲಿ ಹೊರಡುತ್ತದೆ ನೋಡಿ. ನಿಮ್ಮ ಕನಿಷ್ಠ ವೇಗ ಆ ಹೊರಡುವ ಅಂಕಿಗಿಂತ ಸ್ವಲ್ಪ ಮೇಲಿರಲಿ. ಎರಡನೆಯದು, ಮುಚ್ಚಳ ಹಾಕಿ, ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಒಟ್ಟಿಗೆ ಅರ್ಧ ಗಂಟೆ ಭಾರ ಕೊಟ್ಟು ಬಿಸಿಯ ಅಂಕಿಗಳನ್ನು ಗಮನಿಸಿ. ಮುಚ್ಚಳ ತೆಗೆದಿಟ್ಟು ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ, ಗಾಳಿ ಹರಿಯುವ ದಾರಿಯೇ ಬದಲಾಗಿರುತ್ತದೆ. ಬಿಸಿ ಒಂದು ಮಟ್ಟಕ್ಕೆ ಬಂದು ನಿಲ್ಲದೆ ಏರುತ್ತಲೇ ಇದ್ದರೆ ಗೆರೆಯ ಕೊನೆಯ ಚುಕ್ಕಿಗಳನ್ನು ಮೇಲಕ್ಕೆ ಎಳೆದು, ಇನ್ನೊಮ್ಮೆ ಅದೇ ಪರೀಕ್ಷೆ ನಡೆಸಿ.